ಸದನ ಕರೆಯಿರಿ ಅಂದಿದ್ದರು ಬೊಮ್ಮಾಯಿ

ಕೋರ್ಟಿನ ಸುದ್ದಿಯಲ್ಲಿ ‘ಬೊಮ್ಮಾಯಿ ಪ್ರಕರಣ’ ಎಂದು ಕೇಳಿದಾಗಲೆಲ್ಲ ನನ್ನ ಮನಸ್ಸು ತೀರ್ಪಿಗಿಂತ ಮೊದಲು 1989ರ ಏಪ್ರಿಲ್‌ನ ಆ ಮೂರು ದಿನಗಳಿಗೆ ಹೋಗುತ್ತದೆ. 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆಂದು ರಾಜ್ಯಪಾಲರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಅವರಲ್ಲಿ ಏಳು ಮಂದಿ, ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಪತ್ರ ಕೊಟ್ಟರು. ಆಗಿನ ಮುಖ್ಯಮಂತ್ರಿ ಎಸ್‌.ಆರ್‌. ಬೊಮ್ಮಾಯಿಯವರು ಕೇಳಿದ್ದು ಇಷ್ಟೇ: ಸದನ ಕರೆಯಿರಿ, ಬಹುಮತವನ್ನು ಅಲ್ಲೇ ತೋರಿಸುತ್ತೇನೆ. ಆ ಒಂದು ಅವಕಾಶ ಸಿಗಲಿಲ್ಲ. 21ರಂದು ಸಂವಿಧಾನದ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು, ರಾಷ್ಟ್ರಪತಿ ಆಳ್ವಿಕೆ ಬಂತು. ಜನ ಆರಿಸಿದ ಸದನವನ್ನು ಒಂದು ಮಾತೂ ಕೇಳದೆ! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವಜಾವನ್ನು ಪ್ರಶ್ನಿಸಿದ ಬೊಮ್ಮಾಯಿಯವರಿಗೆ ಹೈಕೋರ್ಟಿನಲ್ಲಿ ಸೋಲಾಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ಕೋರ್ಟು ಪರಿಶೀಲಿಸಬಹುದು, ಕರ್ನಾಟಕದಲ್ಲಿ ನಡೆದದ್ದು ಸಂವಿಧಾನಬಾಹಿರ. ಅಷ್ಟರಲ್ಲಿ ಇಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ಮೊಯಿಲಿ ಹೀಗೆ ಮೂವರು ಮುಖ್ಯಮಂತ್ರಿಗಳಾಗಿದ್ದರು. ಬೊಮ್ಮಾಯಿಯವರ ಕುರ್ಚಿ ಅವರಿಗೆ ಮರಳಲಿಲ್ಲ.

ಆದರೆ 2016ರಲ್ಲಿ, ಅಧಿಕಾರ ಕಳೆದುಕೊಂಡಿದ್ದ ಅರುಣಾಚಲದ ನಬಮ್ ತುಕಿ ಸರ್ಕಾರವನ್ನು ಸುಪ್ರೀಂ ಕೋರ್ಟು ಮತ್ತೆ ಅಧಿಕಾರಕ್ಕೆ ತಂದಿತು. ಅದನ್ನು ನೋಡಲು ಬೊಮ್ಮಾಯಿಯವರು ಇರಲಿಲ್ಲ. 2007ರಲ್ಲೇ ತೀರಿಕೊಂಡಿದ್ದರು.