ಕಸುಬಿನ ಹೆಸರಿನ ಪೇಟೆಗಳು

ಬೆಂಗಳೂರು ನೋಡಿ ಬಂದವರನ್ನು ನಮ್ಮ ತೇರದಾಳದಲ್ಲಿ ಕೇಳಿದರೆ ಮೊದಲು ಮೆಟ್ರೊ, ಮಾಲ್, ಎಂ.ಜಿ. ರಸ್ತೆಯ ಸುದ್ದಿ ಬರುತ್ತದೆ. ಹಳೆಯ ಪೇಟೆ ಎಂದರೆ ಗದ್ದಲ, ಇಕ್ಕಟ್ಟು ಎಂದು ಮಾತು ಮುಗಿಸುತ್ತಾರೆ. ಕಳೆದ ದಸರಾ ರಜೆಯಲ್ಲಿ ಅಬ್ಬಾನ ಜೊತೆ ನಾನು ಎರಡೂ ಕಡೆ ನಡೆದು ನೋಡಿದೆ. ಅಬ್ಬಾ ಮಗ್ಗದ ಕೆಲಸ ಮಾಡುವವರು. ಬೆಂಗಳೂರಿಗೆ ಅವರೂ ಬಂದದ್ದು ಅದೇ ಮೊದಲ ಸಲ.

ಮೊದಲ ದಿನ ಎಂ.ಜಿ. ರಸ್ತೆಗೆ ಹೋದೆವು. ಅಗಲವಾದ ರಸ್ತೆ, ಗಾಜಿನ ಅಂಗಡಿಗಳು, ಮೇಲೆ ಓಡುವ ಮೆಟ್ರೊ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ಇಲ್ಲಿಗೆ ತಂದು ದಂಡು ಪ್ರದೇಶ ಕಟ್ಟಿದರು. ಪರೇಡ್ ಮೈದಾನದ ಪಕ್ಕದ ಈ ರಸ್ತೆಗೆ ಆಗ ಸೌತ್ ಪರೇಡ್ ಎಂದು ಹೆಸರು. ಅಬ್ಬಾ ಎಲ್ಲವನ್ನೂ ನೋಡಿ, “ರಸ್ತೆ ಚಲೋ ಐತಿ. ಆದ್ರ ಕುಂದ್ರಾಕ ಒಂದು ಕಟ್ಟಿ ಇಲ್ಲ ನೋಡು” ಅಂದರು.

ಮರುದಿನ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದೆವು. ನೆಲದೊಳಗಿನ ನಿಲ್ದಾಣದಿಂದ ಮೇಲೆ ಬಂದರೆ ಬೇರೆಯೇ ಊರು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಇದು. ಅಂದಿನ ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಅಲ್ಲಿ ಸಿಇಟಿ, ನೀಟ್ ಪುಸ್ತಕಗಳು ಅರ್ಧ ಬೆಲೆಗೆ ಸಿಗುತ್ತವೆಂದು ಗೆಳೆಯರು ಹೇಳಿದ್ದು ಸುಳ್ಳಲ್ಲ. ಸುತ್ತಲಿನ ಓಣಿಗಳ ಹೆಸರುಗಳು ನನಗೆ ಬಹಳ ಹಿಡಿಸಿದವು: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಬ್ರಿಟಿಷರ ರಸ್ತೆಗೆ ಸೈನ್ಯದ ಕವಾಯತಿನ ಹೆಸರಿದ್ದರೆ, ಇಲ್ಲಿ ದುಡಿಯುವವರ ಮತ್ತು ಅವರ ಸರಕಿನ ಹೆಸರು. ಅರಳೆಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಪ್ರತಿವರ್ಷ ಕರಗ ಬಂದು ಹೋಗುವುದೂ ಈ ಓಣಿಗಳ ಮೂಲಕವೇ.

ಇಂಥದೇ ಜೋಡಿ ಊರು ಉತ್ತರ ಆಫ್ರಿಕಾದಲ್ಲಿದೆ. ಟುನೀಸಿಯಾದ ರಾಜಧಾನಿ ಟುನಿಸ್‌ನಲ್ಲಿ ಜೈತೂನಾ ಮಸೀದಿಯ ಸುತ್ತ ಅತ್ತರಿನವರ ಬಜಾರು, ಕೆಂಪು ಟೋಪಿ ಮಾಡುವವರ ಬಜಾರು ಎಂದು ಕಸುಬಿಗೊಂದು ಓಣಿ. 1881ರಲ್ಲಿ ಫ್ರೆಂಚರ ಆಡಳಿತ ಬಂದ ಮೇಲೆ ಅದರ ಪಕ್ಕದಲ್ಲೇ ನೇರ, ಅಗಲ ರಸ್ತೆಗಳ ಹೊಸ ಊರು ಬೆಳೆಯಿತು. ಆ ಹೊಸ ಊರಿನ ಮುಖ್ಯ ರಸ್ತೆಯಲ್ಲಿ ಇಂದು ಇತಿಹಾಸಕಾರ ಇಬ್ನ್ ಖಲ್ದೂನ್‌ರ ಪ್ರತಿಮೆ ನಿಂತಿದೆ. 1332ರಲ್ಲಿ ಟುನಿಸ್‌ನಲ್ಲೇ ಹುಟ್ಟಿದ ಅವರು ‘ಮುಕದ್ದಿಮಾ’ ಗ್ರಂಥದಲ್ಲಿ ನೇಯ್ಗೆ ಮತ್ತು ಹೊಲಿಗೆಯ ಕಸುಬಿಗೂ ಒಂದು ಅಧ್ಯಾಯ ಕೊಟ್ಟಿದ್ದಾರೆ. ರಾಜರ ಕಥೆ ಬರೆದವರಿಗೆ ನೇಕಾರನೂ ಇತಿಹಾಸವಾಗಿ ಕಂಡಿದ್ದ.

ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಅಮ್ಮಿಗೆ ಸೀರೆ ನೋಡುತ್ತಿದ್ದೆವು. ಅಬ್ಬಾ ಒಂದು ಹತ್ತಿ ಸೀರೆಯ ದಡಿ ತಿರುವಿ, ಬೆರಳಲ್ಲಿ ಒರೆದು ನೋಡಿದರು. ಅಂಗಡಿಯವರು, “ಯಾವೂರು ಯಜಮಾನರೇ ನಿಮ್ಮದು?” ಎಂದರು.

“ತೇರದಾಳ.”

“ರಬಕವಿ-ಬನಹಟ್ಟಿ ಹತ್ರ ಅಲ್ವಾ? ಕೈಲಿರೋದು ನಿಮ್ಮ ಕಡೆ ಮಾಲೇ.”

ಎಂ.ಜಿ. ರಸ್ತೆಯಲ್ಲಿ ಯಾರೂ ನಮ್ಮ ಊರು ಕೇಳಿರಲಿಲ್ಲ. ಇಲ್ಲಿ ನೂಲಿನ ದರ, ಬಣ್ಣ, ಕರೆಂಟಿನ ತೊಂದರೆ ಎಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ಅಬ್ಬಾ ಬೆಲೆ ಕೇಳಿದರು. ಅಂಗಡಿಯವರು ಹೇಳಿದ್ದು ಕೇಳಿ ಸುಮ್ಮನಾದರು. ಅಂಥದೊಂದು ಸೀರೆಗೆ ನೇಯ್ದವನ ಕೈಗೆ ಎಷ್ಟು ಕೂಲಿ ಸೇರುತ್ತದೆಂದು ಅವರಿಗೆ ಗೊತ್ತು. ಹೊರಗೆ ಬಂದ ಮೇಲೆ, “ನೀ ಮಗ್ಗಕ್ಕ ಬರೂದು ಬ್ಯಾಡ, ಓದು” ಎಂದಷ್ಟೇ ಅಂದರು.

ನಮ್ಮ ವಾಣಿಜ್ಯ ಪುಸ್ತಕದಲ್ಲಿ ಉತ್ಪಾದಕ, ಸಗಟು ವ್ಯಾಪಾರಿ, ಚಿಲ್ಲರೆ ವ್ಯಾಪಾರಿ, ಗ್ರಾಹಕ ಎಂದು ಬಾಣದ ಗುರುತು ಹಾಕಿ ತೋರಿಸುತ್ತಾರೆ. ಆ ಬಾಣದ ಒಂದು ತುದಿ ನಮ್ಮ ಮನೆ, ಇನ್ನೊಂದು ತುದಿಯ ಹತ್ತಿರ ಚಿಕ್ಕಪೇಟೆಯ ಆ ಅಂಗಡಿ. ನಡುವೆ ಯಾರ ಪಾಲು ಎಷ್ಟು, ನೇಕಾರನ ಪಾಲು ಯಾಕೆ ಇಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿ ತಿಳಿಯಬೇಕೆಂಬ ಆಸೆ ನನಗೆ ಹುಟ್ಟಿದೆ. ಅಬ್ಬಾ ಹೇಳಿದಂತೆ ಓದುತ್ತೇನೆ. ಆದರೆ ಮಗ್ಗವನ್ನು ಮರೆಯಲು ಅಲ್ಲ, ಈ ಲೆಕ್ಕ ಕಲಿಯಲು.

ಗೆಳೆಯರೇ, ಬೆಂಗಳೂರಿಗೆ ಹೋದರೆ ಎಂ.ಜಿ. ರಸ್ತೆ ಖಂಡಿತ ನೋಡಿ. ಹಾಗೆಯೇ ಒಂದು ದಿನ ಪೇಟೆಯಲ್ಲೂ ನಡೆಯಿರಿ. ಕಂಡ ಸರಕು ಎಲ್ಲಿಂದ ಬಂತು ಎಂದು ಕೇಳಿ. ನಿಮ್ಮ ಓಣಿಯ ಹೆಸರೇ ಉತ್ತರವಾಗಿ ಬಂದೀತು.