ಲೇಬಲ್ ಓದೋಣ, ಭಾಗ 3: ಅಜ್ಜಿಗೆ ನಾನೇ ಕೊಟ್ಟ ಜ್ಯೂಸ್

ಈ ಸಲ ಬೇರೆಯವರ ಕಥೆ ಅಲ್ಲ, ನಾನೇ ಮಾಡಿದ ತಪ್ಪು.

ದಸರಾ ರಜೆಗೆ ಊರಿಗೆ ಹೋಗುವಾಗ ಅಜ್ಜಿಗೆ ಅಂತ ಒಂದು ಲೀಟರ್ ಆಪಲ್ ಜ್ಯೂಸ್ ತಗೊಂಡು ಹೋಗಿದ್ದೆ. ಅಜ್ಜಿಗೆ ಹನ್ನೆರಡು ವರ್ಷದಿಂದ ಶುಗರ್. ಕಾಫಿಗೆ ಹಾಕ್ಕೊಳ್ತಿದ್ದ ಒಂದು ಚಮಚ ಸಕ್ಕರೆಯನ್ನೂ ಬಿಟ್ಟವರು. ಪ್ಯಾಕಿನ ಮುಂದೆ ದೊಡ್ಡದಾಗಿ 'ನೋ ಆಡೆಡ್ ಶುಗರ್' ಅಂತಿತ್ತು. ನಂಬಿದೆ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ನಾನೇ ಬಗ್ಗಿಸಿ ಕೊಟ್ಟೆ.

ಮೂರನೇ ದಿನ ಅಜ್ಜಿಗೆ ಸುಸ್ತು, ವಿಪರೀತ ಬಾಯಾರಿಕೆ. ಚಿಕ್ಕಪ್ಪ ಮನೇಲಿರೋ ಮಿಷನ್ನಲ್ಲಿ ಚೆಕ್ ಮಾಡಿದ್ರೆ 290! ಹಬ್ಬದೂಟವೂ ಇತ್ತು, ಜ್ಯೂಸ್ ಒಂದೇ ಕಾರಣ ಅನ್ನಲ್ಲ. ಆದ್ರೆ ಆಗ ಮೊದಲ ಸಲ ಪ್ಯಾಕ್ ತಿರುಗಿಸಿ ನೋಡಿದೆ.

100 ಎಂ.ಎಲ್.ಗೆ 11 ಗ್ರಾಂ ಸಕ್ಕರೆ. ನಮ್ಮನೆ ಲೋಟ 200 ಎಂ.ಎಲ್. ಅಂದ್ರೆ 22 ಗ್ರಾಂ, ಹತ್ತಿರ ಹತ್ತಿರ ಐದೂವರೆ ಚಮಚ. ಮೇಲಿಂದ ಸಕ್ಕರೆ ಹಾಕಿಲ್ಲ ಅನ್ನೋದು ಸುಳ್ಳಲ್ಲ, ಅದು ಹಣ್ಣಿನದೇ ಸಕ್ಕರೆ. ಆದ್ರೆ ನಾರು ಹೋದ ಮೇಲೆ ಅದು ಬೇಗ ರಕ್ತಕ್ಕೆ ಸೇರುತ್ತೆ.

ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ನೀರು. ಆಮೇಲೆ ಆಪಲ್ ಜ್ಯೂಸ್ ಕಾನ್ಸಂಟ್ರೇಟ್. ಅಂದ್ರೆ ರಸದಲ್ಲಿರೋ ನೀರು ತೆಗೆದು ಗಟ್ಟಿ ಮಾಡಿ, ಪ್ಯಾಕ್ ಮಾಡುವಾಗ ಮತ್ತೆ ನೀರು ಸೇರಿಸಿದ್ದು. ಇಂಥ ಜ್ಯೂಸ್‌ಗಳ ಮೇಲೆ, ಜಾಹೀರಾತಲ್ಲಿ '100% ಹಣ್ಣಿನ ರಸ' ಅಂತ ಹಾಕಿದ್ದನ್ನ ತೆಗೀರಿ ಅಂತ ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲಿ ಕಂಪನಿಗಳಿಗೆ ಹೇಳಿತು.

ಅಂಗಡೀಲಿ ಇಷ್ಟು ನೋಡಿ:

1. ಪದಾರ್ಥಗಳನ್ನ ತೂಕದ ಲೆಕ್ಕದಲ್ಲಿ, ಜಾಸ್ತಿ ಇರೋದು ಮೊದಲು ಅಂತ ಬರೀಬೇಕು. ಮೊದಲ ಎರಡು ಹೆಸರು ಓದಿದ್ರೆ ಅರ್ಧ ವಿಷಯ ಗೊತ್ತಾಗುತ್ತೆ.

2. ಒಂದು ಕೆ.ಜಿ.ಗೆ 15 ಗ್ರಾಂಗಿಂತ ಜಾಸ್ತಿ ಸಕ್ಕರೆ ಸೇರಿಸಿದ್ರೆ 'ಸ್ವೀಟನ್ಡ್ ಜ್ಯೂಸ್' ಅಂತ ಬರೀಲೇಬೇಕು.

3. 'ಫ್ರೂಟ್ ಡ್ರಿಂಕ್' ಅಂತಿದ್ರೆ ಅದು ಜ್ಯೂಸ್ ಅಲ್ಲ. ಅದರಲ್ಲಿ ಹಣ್ಣಿನ ರಸ 10% ಇದ್ರೂ ಸಾಕು, ನಿಂಬೆದಾದ್ರೆ 5%.

4. 'ಪ್ರತಿ 100 ಎಂ.ಎಲ್.' ಅನ್ನೋದನ್ನ ನಿಮ್ಮ ಲೋಟಕ್ಕೆ ಲೆಕ್ಕ ಹಾಕಿ.

ನಾವು ಬಿಕಾಂನವರು. ಆನುಯಲ್ ರಿಪೋರ್ಟ್‌ನ ಮುಂದಿನ ಬಣ್ಣದ ಪುಟ ನೋಡಿ ಕಂಪನಿ ಲಾಭದಲ್ಲಿದೆ ಅಂತ ಬರೆದ್ರೆ ಮಾರ್ಕ್ಸ್ ಸಿಗಲ್ಲ, ಹಿಂದಿನ ಪುಟಗಳ ನೋಟ್ಸ್ ಓದಬೇಕು ಅಂತ ಗೊತ್ತು. ಅಷ್ಟು ಕಲಿತೂ ಒಂದು ಪ್ಯಾಕ್ ತಿರುಗಿಸಲಿಲ್ಲ ನಾನು.

"ಅಷ್ಟು ಸಿಹಿ ಇದ್ರೂ ಯಾಕಜ್ಜಿ ಕುಡಿದ್ರಿ?" ಅಂತ ಕೇಳಿದೆ. "ನೀನು ಆಸೆಯಿಂದ ತಂದಿದ್ಯಲ್ಲೇ ಪುಟ್ಟಿ, ಬೇಡ ಅಂತ ಹೆಂಗನ್ನಲಿ?" ಅಂದ್ರು.

ಮಾತ್ರೆ, ಪಥ್ಯ ಮಾಡಿ ವಾರದಲ್ಲಿ ಶುಗರ್ ಮಾಮೂಲಿಗೆ ಬಂತು. ಈಗ ಊರಿಗೆ ಹೋದಾಗ ಸೀಬೆಹಣ್ಣು ತಗೊಂಡು ಹೋಗ್ತೀನಿ. ಡಾಕ್ಟರ್ ಹೇಳಿದಷ್ಟೇ, ಅರ್ಧ ಹಣ್ಣು, ಇಬ್ಬರೂ ಹಂಚ್ಕೊಂಡು ತಿಂತೀವಿ.

ನಿಮ್ಮನೆ ಫ್ರಿಜ್‌ನಲ್ಲಿರೋ ಪ್ಯಾಕ್ ಈಗಲೇ ತಿರುಗಿಸಿ. ಮೊದಲ ಎರಡು ಪದಾರ್ಥ ಏನಿದೆ, ಕಾಮೆಂಟ್ ಮಾಡಿ. ಮನೇಲಿ ಶುಗರ್ ಇರೋರಿದ್ರೆ ಇದನ್ನ ಅವರಿಗೆ ಜ್ಯೂಸ್ ತಂದುಕೊಡೋರಿಗೆ ಕಳ್ಸಿ.

#ಲೇಬಲ್_ಓದೋಣ #ಅಜ್ಜಿ #ಕನ್ನಡ