ಯಾರನ್ನೂ ಕೇಳದೆ ನೋಡಿ ಬಂದ ಊರುಗಳು

ನಮ್ಮ ಶಹಾಬಾದ ಅಂದರೆ ನಿಮಗೆಲ್ಲ ನೆನಪಾಗುವುದು ಕಲ್ಲು. ನೀವು ದಿನಾ ಓಡಾಡುವ ಅಡಿಗೆಮನೆಗೂ ನಮ್ಮೂರ ಫರಸಿಯನ್ನೇ ಹಾಸಿರಬಹುದು. ನಾನು ಈ ಊರಿಗೆ ಸೊಸೆಯಾಗಿ ಬಂದು 25 ವರ್ಷವಾಯಿತು. ಆದರೆ ಆಚೀಚೆಯ ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು ಕಣ್ಣುತುಂಬ ನೋಡಿದ್ದು ಹೋದ ದೀಪಾವಳಿ ಮುಗಿದ ಮೇಲೆ, ಅದೂ ಮಗಳ ಸಲುವಾಗಿ.

ಮಗಳಿಗೆ ಈಗ 19 ವರ್ಷ. ನಾಲ್ಕು ತಿಂಗಳ ಕೂಸಿದ್ದಾಗ ಶಿಶುಗೃಹದಿಂದ ದತ್ತು ತಂದೆವು. "ಹೇಳಬ್ಯಾಡವ್ವಾ, ಕೂಸು ಕೈ ತಪ್ಪತದ" ಎಂದು ಹಿರಿಯರು ಹೇಳಿದ್ದರು. ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅವಳಿಗೆ 14 ತುಂಬಿದಾಗ ಒಂದು ಮದುವೆಮನೆಯ ಪಂಕ್ತಿಯಲ್ಲಿ ಯಾರೋ ಆಡಿದ ಮಾತಿನಿಂದ ವಿಷಯ ತಿಳಿಯಿತು. ಮೂರು ದಿನ ನಾನು ಬಡಿದ ರೊಟ್ಟಿ ಮುಟ್ಟಲಿಲ್ಲ. ಆಮೇಲೆ, "ದತ್ತು ತಂದಿದ್ದಕ್ಕ ಸಿಟ್ಟಿಲ್ಲವ್ವಾ, ಮುಚ್ಚಿಟ್ಟಿದ್ದಕ್ಕ" ಅಂದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಈಗ ಅವಳದು ಒಂದೇ ಪ್ರಶ್ನೆ. "ನನ್ನ ಹಡೆದಾಕಿ ಯಾವೂರಾಕಿ?" ನಮಗೆ ಗೊತ್ತಿದ್ದದ್ದು ಇಷ್ಟೇ: ಹಡೆದವಳು ಸೇಡಂ-ಚಿಂಚೋಳಿ ಕಡೆಯ ಹುಡುಗಿ, ತನ್ನ ಹೆಸರು ಹೊರಗೆ ಬರಬಾರದೆಂದು ಬೇಡಿಕೊಂಡಿದ್ದಳು. ಹಾಗಾಗಿ ಹೊರಡುವ ಮುಂಚೆ ನಾನು ಒಂದು ಕರಾರು ಹಾಕಿದೆ. ಊರು ನೋಡೋಣ, ಆದರೆ ಯಾರನ್ನೂ ಏನೂ ಕೇಳಬಾರದು.

ಶೇಂಗಾ ಹಿಂಡಿ, ಕಟಿ ರೊಟ್ಟಿ ಕಟ್ಟಿಕೊಂಡು ಬೆಳಗಿನ ಗಾಡಿಗೆ ವಾಡಿಗೆ ಬಂದೆವು. ವಾಡಿ ಅಂದರೆ ಸಿಮೆಂಟಿನ ಊರು, ರೈಲಿನ ಊರು. ಮುಂಬೈ-ಚೆನ್ನೈ ದಾರಿಯಿಂದ ಸಿಕಂದರಾಬಾದಿನ ಹಳಿ ಒಡೆಯುವುದು ಇಲ್ಲಿಯೇ. 1874ರಲ್ಲಿ ನಿಜಾಮರ ಕಾಲದಲ್ಲಿ ಆದ ಹಳಿ ಅದು. ಮೇಲುಸೇತುವೆ ಹತ್ತಿ ನಿಂತಾಗ ನನಗೆ ಸರೂ ಬ್ರಿಯರ್ಲಿಯ ಕಥೆ ನೆನಪಾಯಿತು. ಮಗಳಿಗೂ ಹೇಳಿದೆ. ಮಧ್ಯಪ್ರದೇಶದ ಖಂಡ್ವಾದ ಬಡ ಹುಡುಗ. 1986ರಲ್ಲಿ, ಐದು ವರ್ಷದವನಿದ್ದಾಗ, ಬುರ್ಹಾನ್‌ಪುರದ ನಿಲ್ದಾಣದಲ್ಲಿ ಗಾಡಿ ಹತ್ತಿ ಮಲಗಿಬಿಟ್ಟ. ಕೊನೆಗೆ ಇಳಿದದ್ದು ಕಲ್ಕತ್ತೆಯಲ್ಲಿ. ಮರುವರ್ಷ ಆಸ್ಟ್ರೇಲಿಯಾದ ದಂಪತಿಗಳು ದತ್ತು ಒಯ್ದರು. ದೊಡ್ಡವನಾದ ಮೇಲೆ, ನೆನಪಿನಲ್ಲಿ ಉಳಿದಿದ್ದ ನೀರಿನ ಟಾಕಿ, ಸೇತುವೆಗಳನ್ನೇ ಗುರುತು ಮಾಡಿಕೊಂಡು ಕಂಪ್ಯೂಟರಿನ ನಕಾಶೆಯಲ್ಲಿ ಹುಡುಕಿ ಹುಡುಕಿ, 2012ರಲ್ಲಿ ತಾಯಿಯ ಮುಂದೆ ಬಂದು ನಿಂತ. ಮಗ ಬಂದರೆ ಗುರುತು ಸಿಗಲೆಂದು ಆ ತಾಯಿ ಬೇರೆ ಊರಿಗೆ ಹೋಗದೆ ಅಲ್ಲೇ ಉಳಿದಿದ್ದಳು.

"ನಮ್ಮಾಕಿನೂ ಕಾಯ್ತಿರಬಹುದೇನವ್ವಾ?" ಅಂದಳು ಮಗಳು. ನಾನು ಏನೆನ್ನಲಿ? ಆ ತಾಯಿ ಮಗನನ್ನು ಕಳಕೊಂಡವಳು. ಇವಳ ತಾಯಿ ಕೈಯಾರೆ ಒಪ್ಪಿಸಿ ಹೋದವಳು. ಕಾಯುತ್ತಿರಬಹುದು, ಹೆದರುತ್ತಲೂ ಇರಬಹುದು. ಗಂಡ, ಅತ್ತೆ, ಮಕ್ಕಳು ಇರುವ ಮನೆಯಲ್ಲಿ ಈ ವಿಷಯ ಯಾರಿಗೂ ಗೊತ್ತಿರಲಿಕ್ಕಿಲ್ಲ. ನಾವು ಓಣಿಯಲ್ಲಿ ನಿಂತು ಕೇಳುವ ಒಂದು ಮಾತಿನಿಂದ ಅವಳ ಸಂಸಾರ ಮುರಿದರೆ?

ಸಿಕಂದರಾಬಾದಿನ ಹಳಿಯ ಗಾಡಿಯಲ್ಲಿ ಚಿತ್ತಾಪುರ ದಾಟಿದೆವು. ಮುಂದೆ ಕಾಗಿಣಾ ದಂಡೆಯ ಮಳಖೇಡದ ನಿಲ್ದಾಣ. ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ ಅದು. ಸೇಡಮ್ಮಿನಲ್ಲಿ ನಮ್ಮ ದೊಡ್ಡಮ್ಮನ ಮನೆಯಲ್ಲಿ ಪುಂಡಿಪಲ್ಯದ ಊಟ. ಅಲ್ಲಿಂದ ತೆಲಂಗಾಣದ ತಾಂಡೂರು ದೂರವಿಲ್ಲ. ಊಟವಾದ ಮೇಲೆ ದೊಡ್ಡಮ್ಮ ಹಳೆಯ ಮಾತು ತೆಗೆದರು. ಆ ಸೀಮೆ ಆಂಧ್ರದಲ್ಲಿದ್ದಾಗ ಅಲ್ಲಿನ ಲಂಬಾಣಿ ತಾಂಡಾಗಳ ಬಡ ತಾಯಂದಿರಿಂದ ಹೆಣ್ಣುಕೂಸುಗಳನ್ನು ಪುಡಿಗಾಸಿಗೆ ಕೊಂಡು ವಿದೇಶಕ್ಕೆ ದತ್ತು ಕಳಿಸುತ್ತಿದ್ದ ಹಗರಣ 1999ರಲ್ಲಿ, ಮತ್ತೆ 2001ರಲ್ಲಿ ಬಯಲಿಗೆ ಬಂದಿತ್ತು. ಮಗಳ ಮುಖ ಸಣ್ಣದಾಯಿತು. "ನನ್ನನ್ನೂ ಮಾರಿದ್ರೇನವ್ವಾ?" ಇಲ್ಲ, ನಿನ್ನ ತಾಯಿ ಸಮಿತಿಯ ಮುಂದೆ ಒಪ್ಪಿಸಿದ ಕಾಗದ ಕಡತದಲ್ಲಿದೆ ಎಂದೆ. ಆ ಕಾಗದಗಳನ್ನು ಇಷ್ಟು ವರ್ಷ ಟ್ರಂಕಿನಲ್ಲಿ ಜೋಪಾನವಾಗಿಟ್ಟದ್ದು ಅವತ್ತು ಸಾರ್ಥಕವಾಯಿತು.

ಮರುದಿನ ಚಿಂಚೋಳಿಯ ಬಸ್ಸು. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿತ್ತು. ಬಯಲುನಾಡಿನ ನಮಗೆ ಚಂದ್ರಂಪಳ್ಳಿಯ ಕೆರೆ, ಅದರ ಸುತ್ತಲಿನ ಗುಡ್ಡ, ಕಾಡು ಎಲ್ಲ ಹೊಸದು. 2011ರಲ್ಲಿ ಈ ಕಾಡನ್ನು ವನ್ಯಧಾಮ ಮಾಡಿದ್ದಾರೆ. ಆದರೆ ಮಗಳ ಕಣ್ಣು ಕಾಡಿನ ಮೇಲಿರಲಿಲ್ಲ. ಬಸ್ಸು ಹತ್ತಿದ, ನಲವತ್ತರ ಹತ್ತಿರದ ಪ್ರತಿ ಹೆಂಗಸಿನ ಹಣೆ, ಮೂಗು, ಗದ್ದ ನೋಡುತ್ತಿದ್ದಳು. ಒಬ್ಬಾಕೆ ಪಕ್ಕದಲ್ಲಿ ಕುಳಿತು, "ಯಾವೂರವ್ವಾ ನಿಂದು?" ಅಂದಳು. ನನ್ನ ಎದೆ ಧಸಕ್ಕೆಂದಿತು. ಮಗಳು ಒಂದು ಗಳಿಗೆ ಸುಮ್ಮನಿದ್ದು, "ಶಹಾಬಾದ್ರಿ. ಇವರು ನಮ್ಮವ್ವ" ಅಂದಳು. ಕೊಟ್ಟ ಮಾತು ಉಳಿಸಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ.

ಊರಿಗೆ ಬಂದ ಮೇಲೆ ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋದೆವು. 2022ರ ದತ್ತು ನಿಯಮಗಳಲ್ಲಿ ಇದಕ್ಕೆ ದಾರಿಯಿದೆ. 18 ತುಂಬಿದವರು ತಾವೇ ಅರ್ಜಿ ಕೊಡಬಹುದು, ಚಿಕ್ಕವರಾದರೆ ದತ್ತು ತಂದೆತಾಯಿಯರ ಜೊತೆಗೂಡಿ ಕೊಡಬೇಕು. ಅವರ ಪರವಾಗಿ ಬೇರೆಯವರು ಹುಡುಕುವಂತಿಲ್ಲ. ಹಡೆದವಳು ಗುಟ್ಟು ಕೇಳಿದ್ದರೆ ಮೊದಲು ಅವಳ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದರೆ, ಇಲ್ಲವೆ ಸಿಗದಿದ್ದರೆ, ಯಾವ ಪರಿಸ್ಥಿತಿಯಲ್ಲಿ ಕೂಸನ್ನು ಒಪ್ಪಿಸಿದಳೆಂಬುದನ್ನಾದರೂ ಮಗುವಿಗೆ ತಿಳಿಸಬೇಕು.

ಅರ್ಜಿ ಕೊಟ್ಟಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಮೊದಮೊದಲು ಉತ್ತರ ಬರದಿದ್ದರೇ ಒಳ್ಳೆಯದೆಂದು ನನ್ನ ಮನಸ್ಸು ಹೇಳುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಈಗ ಹಾಗಿಲ್ಲ. ಆಕೆ ಒಪ್ಪಿ ಬಂದರೆ ನನ್ನ ಕೈಯಿಂದ ಉಡಿ ತುಂಬಿಸಿಕೊಂಡು ಹೋಗಲಿ. ನನ್ನ ಉಡಿ ತುಂಬಿದವಳು ಅವಳೇ ಅಲ್ಲವೆ?

ಅಕ್ಕಂದಿರೇ, ನಿಮ್ಮ ಮನೆಯಲ್ಲೂ ದತ್ತು ಬಂದ ಮಗುವಿದ್ದರೆ, ಕಥೆ ಕೇಳುವ ವಯಸ್ಸಿನಲ್ಲೇ ಅದರ ಕಥೆಯನ್ನು ಅದಕ್ಕೆ ಹೇಳಿಬಿಡಿ. ಮದುವೆಮನೆಯ ಪಂಕ್ತಿಗೆ ಬಿಡಬೇಡಿ.